ರಾಜಮಾತೆಯ ಎದುರು ನನ್ನ ಮಾತುಗಾರ್ತಿ

ಘಾನಾ ದೇಶದ ಅಧ್ಯಕ್ಷರು ನಾಲ್ಕು ನಾಲ್ಕು ವರ್ಷದ ಎರಡು ಅವಧಿ ಮುಗಿಸಿದ ಮೇಲೆ, ಜನ ಎಷ್ಟೇ ಮೆಚ್ಚಿದ್ದರೂ, ಮನೆಗೆ ಹೋಗಲೇಬೇಕು. ಇದನ್ನು ನನಗೆ ಹೇಳಿದ್ದು ಮಗಳು, ಊಟದ ಮೇಜಿನಲ್ಲಿ, ನಾನು ಬಡಿಸಿದ ಝುಣಕವನ್ನು ಚಮಚದಿಂದ ತಟ್ಟೆಯ ಅಂಚಿಗೆ ಸರಿಸುತ್ತ. ಅವಳಿಗೆ ಹೇಳಿದ್ದು ಪಕ್ಕದ ಮನೆಯಾಕೆ. ಆ ವರ್ಷ ನಮ್ಮ ಮನೆಗೆ ಬಂದ ಹೊಸ ಮಾತುಗಳೆಲ್ಲ ಬೇಲಿಯ ಆ ಕಡೆಯಿಂದಲೇ ಬಂದವು.

ನಾವಿರುವುದು ಸಿಡ್ನಿಯ ಗಿರಾವೀನ್‌ನಲ್ಲಿ. ಯಜಮಾನರಿಗೆ ವೆಸ್ಟ್‌ಮೀಡ್‌ನಲ್ಲಿ ಲ್ಯಾಬ್ ಕೆಲಸ. ಪಕ್ಕದಾಕೆ ಘಾನಾದವಳು, ಎಪ್ಪಿಂಗ್‌ನಲ್ಲಿ ಹಲ್ಲಿನ ಡಾಕ್ಟರು. ನನ್ನನ್ನು 'ಸಿಸ್ಟರ್' ಎಂದು ಕರೆಯುತ್ತಾಳೆ. ಧಾರವಾಡದ ಕಾನ್ವೆಂಟಿನಲ್ಲಿ ಓದಿದ ನನಗೆ ಆ ಶಬ್ದ ಕೇಳಿದರೆ ಇವತ್ತಿಗೂ ಬೆನ್ನು ನೆಟ್ಟಗಾಗುತ್ತದೆ. ಆಕೆಗೆ ಮಕ್ಕಳಿಲ್ಲ. ತೋಟದಲ್ಲಿ ಬೆಂಡೆಕಾಯಿ ಬೆಳೆಯುತ್ತಾಳೆ, ನಮಗೂ ಕೊಡುತ್ತಾಳೆ, ಅವು ನಮ್ಮವಕ್ಕಿಂತ ಎಳೆಯವು. ಆಕೆಯನ್ನು ದ್ವೇಷಿಸಲು ನನಗೆ ಸರಿಯಾದ ಒಂದು ಕಾರಣವೂ ಸಿಗಲಿಲ್ಲ, ಅದೇ ಕಷ್ಟವಾಗಿತ್ತು.

ಮಗಳಿಗೆ ಹನ್ನೆರಡನೆಯ ತರಗತಿಯ ದೊಡ್ಡ ಪ್ರಾಜೆಕ್ಟ್ ಬಂತು. ಒಂದು ಸಮಾಜ ತನ್ನನ್ನು ತಾನು ಹೇಗೆ ಆಳಿಕೊಳ್ಳುತ್ತದೆ ಎಂಬ ವಿಷಯ. ನಾನು ಪೊಲಿಟಿಕಲ್ ಸೈನ್ಸ್ ಬಿಎ. ಟ್ರಂಕಿನ ತಳದಿಂದ ಹಳೆಯ ಪುಸ್ತಕ ತೆಗೆದು, ಧೂಳು ಒರೆಸಿ, ಅವಳ ಮೇಜಿನ ಮೇಲಿಟ್ಟೆ. "ಅಮ್ಮಾ, ಹಾಫ್ ದ ಕ್ಲಾಸ್ ಈಸ್ ಡೂಯಿಂಗ್ ಇಂಡಿಯಾ," ಎಂದು ಅದನ್ನು ಮೆಲ್ಲಗೆ ಬದಿಗಿಟ್ಟಳು. ಅಂದಿನಿಂದ ಪ್ರತಿ ಭಾನುವಾರ ಪಕ್ಕದ ಮನೆ.

ಅಡುಗೆಮನೆಯ ಕಿಟಕಿಯಿಂದ ಅವರ ಹಿತ್ತಲು ಕಾಣುತ್ತದೆ. ಕರಿದ ಬಾಳೆಹಣ್ಣಿನ ತಟ್ಟೆ ನಡುವೆ ಇಟ್ಟುಕೊಂಡು ಇಬ್ಬರೂ ಕೂರುತ್ತಿದ್ದರು. ಮಗಳು ಕೇಳುವುದು, ಆಕೆ ಹೇಳುವುದು. ಅಧ್ಯಕ್ಷನಾಗಲು ಬಿದ್ದ ಓಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು, ಇಲ್ಲದಿದ್ದರೆ ಮೇಲಿನ ಇಬ್ಬರ ನಡುವೆ ಇನ್ನೊಮ್ಮೆ ಚುನಾವಣೆ. ಮಂತ್ರಿಗಳಲ್ಲಿ ಹೆಚ್ಚಿನವರು ಪಾರ್ಲಿಮೆಂಟಿನವರೇ ಆಗಬೇಕು. ಊರೂರಿನ ಸಾಂಪ್ರದಾಯಿಕ ಮುಖ್ಯಸ್ಥರಿಗೆ ಸಂವಿಧಾನದಲ್ಲೇ ಜಾಗವಿದೆ, ಆದರೆ ಅವರು ಪಾರ್ಟಿ ರಾಜಕೀಯಕ್ಕೆ ಇಳಿಯುವ ಹಾಗಿಲ್ಲ. ಆಕೆಯ ಜನರಲ್ಲಿ ಮುಖ್ಯಸ್ಥನ ಹೆಸರು ಸೂಚಿಸುವವಳು ರಾಜಮಾತೆ. ಅವಳು ಅವನ ತಾಯಿಯೇ ಆಗಬೇಕೆಂದಿಲ್ಲ, ಅಕ್ಕನೋ ಚಿಕ್ಕಮ್ಮನೋ ಆಗಿರಬಹುದು. ವಂಶ ನಡೆಯುವುದು ಹೆಣ್ಣಿನ ಕಡೆಯಿಂದ.

ಇದೆಲ್ಲ ನನಗೆ ಹೇಗೆ ಗೊತ್ತು? ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ಕಿಟಕಿಯ ಹತ್ತಿರ ನಿಂತಿರುತ್ತಿದ್ದೆನಲ್ಲ.

"ನಿನಗ್ಯಾಕ ಇಷ್ಟು ಸಂಕಟ?" ಎಂದರು ಯಜಮಾನರು. "ಆಕಿ ಓದ್ಲಿಕ್ಕತ್ತಾಳೋ ಇಲ್ಲೋ, ಅಷ್ಟು ನೋಡು."

"ನನ್ನೂ ಒಂದು ಮಾತು ಕೇಳಬಹುದಿತ್ತಲ್ರಿ. ನಾನೂ ಇದನ್ನ ಓದೀನಿ."

"ನೀ ಓದಿದ ಮ್ಯಾಲ ಸಂವಿಧಾನಕ್ಕ ಎಷ್ಟು ತಿದ್ದುಪಡಿ ಆಗ್ಯಾವೋ ಏನೋ. ಹಳೇ ಸರಕು ಯಾರು ಕೊಳ್ತಾರ?"

ಅವರು ನಗುತ್ತ ಹೋದರು. ನನಗೆ ಇನ್ನೊಂದು ಉರಿಯೂ ಇತ್ತು. ಆಕೆಯೂ ಇಲ್ಲಿನ ಸಿಟಿಜನ್, ನಾನೂ. ಆಕೆ ತನ್ನ ದೇಶವನ್ನೂ ಇಟ್ಟುಕೊಂಡಿದ್ದಾಳೆ, ಅಲ್ಲಿ ಎರಡಕ್ಕೂ ಅವಕಾಶವಿದೆ. ನಾನು ನನ್ನ ಭಾರತದ ಪಾಸ್‌ಪೋರ್ಟನ್ನು ಕೌಂಟರಿನಲ್ಲಿ ಒಪ್ಪಿಸಿ ಬಂದವಳು. ಧಾರವಾಡಕ್ಕೆ ಹೋಗಬಹುದು, ಇರಬಹುದು, ಓಟು ಹಾಕುವ ಹಾಗಿಲ್ಲ. ಆಕೆಗೆ ಚುನಾವಣೆ ಬಂತೆಂದರೆ ಹಬ್ಬ. ಹೊರಗಿನಿಂದ ಓಟು ಹಾಕುವ ಕಾನೂನು ಅವರಲ್ಲಿ ಕಾಗದದ ಮೇಲಿದ್ದರೂ ಇನ್ನೂ ಜಾರಿಗೆ ಬಂದಿಲ್ಲವಂತೆ, ಹಾಗಾಗಿ ಓಟಿಗೆಂದೇ ಊರಿಗೆ ಹಾರುತ್ತಾಳೆ. ಆ ಡಿಸೆಂಬರಿನಲ್ಲೂ ಹೊರಟಿದ್ದಳು.

"ಐ ವಾಂಟ್ ಟು ಗೋ ವಿತ್ ಹರ್," ಎಂದಳು ಮಗಳು.

ಡಿಸೆಂಬರಿನಲ್ಲಿ ನಾವು ಧಾರವಾಡಕ್ಕೆ, ನನ್ನ ಅಕ್ಕನ ಮನೆಗೆ ಹೋಗುವುದೆಂದು ಟಿಕೆಟ್ ಬುಕ್ ಆಗಿತ್ತು. ಇಷ್ಟು ದಿನ ಬೇಲಿಯಾಚೆ ಇದ್ದ ಮಗಳು ಅಲ್ಲಾದರೂ ನನ್ನ ಪಕ್ಕದಲ್ಲಿರುತ್ತಾಳೆ ಎಂದುಕೊಂಡಿದ್ದೆ. ಯಜಮಾನರು "ನೀವಿಬ್ರೂ ಬಗೀಹರಿಸಿಕೊಳ್ರಿ" ಎಂದು ಜಾರಿಕೊಂಡರು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಅಷ್ಟರಲ್ಲಿ ಪಕ್ಕದಾಕೆಯ ದೊಡ್ಡಮ್ಮ ಮೆಲ್ಬರ್ನ್‌ಗೆ, ಮಗನ ಮನೆಗೆ ಬಂದರು. ಅವರು ತಮ್ಮ ಊರಿನ ರಾಜಮಾತೆ. ಮಗಳಿಗೆ ಅವರನ್ನು ಮಾತಾಡಿಸಬೇಕು. ಶಾಲೆಯ ರಜೆಯಲ್ಲಿ ಕಾರಿನಲ್ಲಿ ಹೋಗುವುದೆಂದಾಯಿತು. ಹುಡುಗಿಯೊಬ್ಬಳನ್ನೇ ಅಷ್ಟು ದೂರ ಕಳಿಸುವುದು ಸರಿಯಲ್ಲ ಎಂದು ನಾನೂ ಹೊರಟೆ. ಕಾರಣ ಅದಲ್ಲ ಎಂದು ಮೂವರಿಗೂ ಗೊತ್ತಿತ್ತು.

ಹಿಂದಿನ ಸೀಟಿನಲ್ಲಿ ನಾನು, ಚಪಾತಿಯ ಡಬ್ಬಿ, ಮೂರು ದಿಂಬು. ಮುಂದೆ ಅವರಿಬ್ಬರು. ದಾರಿಯಲ್ಲಿ ಮಗಳು ಮ್ಯಾಂಡರಿನ್ ಸುಲಿದು, ನಾರು ಬಿಡಿಸಿ, ಒಂದೊಂದೇ ತೊಳೆಯನ್ನು ಡ್ರೈವ್ ಮಾಡುತ್ತಿದ್ದ ಆಕೆಯ ಅಂಗೈಗೆ ಇಡುತ್ತಿದ್ದಳು. ಹಣ್ಣಿನ ನಾರು ಬಿಡಿಸುವುದನ್ನು ನನ್ನ ಮಗಳು ಎಲ್ಲಿ ಕಲಿತಳು? ಮನೆಯಲ್ಲಿ ನಾನೇ ಬಿಡಿಸಿಕೊಡಬೇಕು.

ಮೆಲ್ಬರ್ನ್‌ನ ಪಶ್ಚಿಮದ ಸಬರ್ಬೊಂದರಲ್ಲಿ ಹೊಸ ಇಟ್ಟಿಗೆಯ ಮನೆ. ಹಾಲಿನಲ್ಲಿ ಹತ್ತು ಹನ್ನೆರಡು ಜನ ಅರ್ಧಚಂದ್ರಾಕಾರವಾಗಿ ಕೂತಿದ್ದರು. ನಡುವೆ ಸೋಫಾದ ಮೇಲೆ, ಒಂದು ಭುಜ ಬಿಟ್ಟು ಉಟ್ಟ ಬಟ್ಟೆಯಲ್ಲಿ, ಕತ್ತರಿಸಿದ ಬಿಳಿ ಕೂದಲಿನ ಅಜ್ಜಿ. ಕಾಲಿಗೆ ಉಣ್ಣೆಯ ಸಾಕ್ಸು. ನಾನು ಕಾನ್ವೆಂಟಿನಲ್ಲಿ ಕಲಿತ ಹಾಗೆ ನೇರವಾಗಿ ಹೋಗಿ, ಕೈ ಚಾಚಿ, "ಗುಡ್ ಆಫ್ಟರ್‌ನೂನ್, ಮ್ಯಾಡಮ್. ಪ್ರಯಾಣ ಸುಖವಾಗಿತ್ತೇ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಅಜ್ಜಿ ನನ್ನ ಕೈಯನ್ನು ನೋಡಿದರು, ಪಕ್ಕದಲ್ಲಿ ಕೂತ ಗಂಡಸಿನ ಕಡೆ ನೋಡಿದರು.

ಮಗಳು ನನ್ನ ಸೆರಗು ಹಿಡಿದು ಹಿಂದಕ್ಕೆಳೆದಳು. "ಬಲಗಡೆಯ ಕೊನೆಯವರಿಂದ ಶುರು ಮಾಡಿ ಎಲ್ಲರ ಕೈ ಕುಲುಕ್ತಾ ಬರಬೇಕಮ್ಮ," ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. "ಅವರ ಜೊತೆ ಡೈರೆಕ್ಟ್ ಆಗಿ ಮಾತಾಡಬಾರದು. ಮಾತುಗಾರರ ಮೂಲಕ ಹೇಳಬೇಕು." ಆ ಗಂಡಸು ರಾಜಮಾತೆಯ ಮಾತುಗಾರ. ಎದುರಿನವರ ಮಾತನ್ನು ಅವರಿಗೆ ಮುಟ್ಟಿಸುವುದು, ಅವರ ಮಾತನ್ನು ಎದುರಿನವರಿಗೆ ಚೆಂದ ಮಾಡಿ ಹೇಳುವುದು ಅವನ ಕೆಲಸ.

ಮತ್ತೆ ಬಲಗಡೆಯಿಂದ ಶುರು ಮಾಡಿದೆ. ಕೂತೆವು. ನೀರು ಕೊಟ್ಟರು, ನಮ್ಮ ಕಡೆಯ ಹಾಗೆಯೇ. ನೀರು ಕುಡಿದ ಮೇಲೆ ಮಾತುಗಾರ ಇಂಗ್ಲಿಷಿನಲ್ಲಿ ಕೇಳಿದ, "ನೀವು ಬಂದ ಕಾರಣವೇನು?" ನಮ್ಮಲ್ಲಿ ಹಾಗೆ ಕೇಳಿದರೆ ಬಂದವರು ಚಪ್ಪಲಿ ಮೆಟ್ಟಿಕೊಂಡು ವಾಪಸ್ಸು ಹೋಗುತ್ತಾರೆ. ಅಲ್ಲಿ ಕೇಳದಿದ್ದರೆ ಮರ್ಯಾದೆಗೆಟ್ಟ ಹಾಗಂತೆ.

"ಮೊದಲು ತಾಯಿ ಹೇಳಲಿ. ತಾಯಿಯ ಪರವಾಗಿ ಮಗಳು ಮಾತುಗಾರ್ತಿ ಆಗಲಿ," ಎಂದಳು ಪಕ್ಕದಾಕೆ. ನನ್ನ ಮಗಳನ್ನು ನನಗೇ ಹಂಚಿಕೊಡುವವಳು ಇವಳು ಯಾರು?

ಅವರೆಲ್ಲ ತಮ್ಮೊಳಗೆ ತಮ್ಮ ಟ್ವಿ ಭಾಷೆಯಲ್ಲಿ ಮಾತಾಡುತ್ತಿದ್ದರು. ನಾನೂ ನನ್ನ ಭಾಷೆ ಬಿಟ್ಟುಕೊಡಲಿಲ್ಲ. ಮಗಳ ಕಡೆ ತಿರುಗಿ ಕನ್ನಡದಲ್ಲೇ ಹೇಳಿದೆ: "ಆರು ತಿಂಗಳಿಂದ ಈಕಿ ಆ ಬಾಯಿ ಮನ್ಯಾಗ ಇದ್ದಾಳ. ಅವರಿಗೆ ಕೇಳಿದ್ರಾಗ ಒಂದು ಮಾತು ನನಗ ಕೇಳಲಿಲ್ಲ. ಈಗ ಅವರ ಊರಿಗೂ ಹೋಗ್ತೀನಿ ಅಂತಾಳ. ನನಗ ಕಳಸೋ ಮನಸ್ಸಿಲ್ಲ. ಹೇಳು."

ಮಗಳ ಕಿವಿ ಕೆಂಪಾಯಿತು. ಆಮೇಲೆ ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದಳು: "ನನ್ನ ತಾಯಿ ಹೇಳುತ್ತಾರೆ, ಆರು ತಿಂಗಳ ಹಿಂದೆ ಅವರು ಮಗಳನ್ನು ಪಕ್ಕದ ಮನೆಗೆ ಕಡ ಕೊಟ್ಟಿದ್ದರು. ವಾಪಸ್ಸು ಬರುವ ಮೊದಲೇ ಅವಳು ಇನ್ನೂ ದೂರ ಹೊರಟಿದ್ದಾಳೆ ಎಂದು ಕೇಳಿದ್ದಾರೆ. ಕಳಿಸಲು ಅವರಿಗೆ ಮನಸ್ಸಿಲ್ಲ."

ಮಾತುಗಾರ ಅದನ್ನು ಟ್ವಿಯಲ್ಲಿ, ಇನ್ನೂ ಉದ್ದ ಮಾಡಿ ಹೇಳಿದ. ಜನ ನಕ್ಕರು. ಅಜ್ಜಿ ನಗಲಿಲ್ಲ. ಪಕ್ಕದಾಕೆಯ ಕಡೆ ತಿರುಗಿ ಏನೋ ಕೇಳಿದರು. ಬಾಯಿ ತುಂಬ ನಗುವ ನಮ್ಮ ಹಲ್ಲಿನ ಡಾಕ್ಟರು ತಲೆ ತಗ್ಗಿಸಿದಳು.

ಮಾತುಗಾರ ಅಜ್ಜಿಯ ಮಾತನ್ನು ನಮಗೆ ಮುಟ್ಟಿಸಿದ: "ಹೆಣ್ಣುಮಗಳು ತಾಯಿಯ ಮನೆಗೆ ಸೇರಿದವಳು. ಕರೆದೊಯ್ಯುವವರು ಮೊದಲು ತಾಯಿಯ ಹತ್ತಿರ ಬಂದು ಕೇಳಬೇಕು. ನಮ್ಮ ಹುಡುಗಿ ಮಗಳನ್ನು ಬಾ ಎಂದು ಕರೆದಿದ್ದಾಳೆ, ತಾಯಿಗೆ ಕೇಳಿಲ್ಲ. ತಪ್ಪು ನಮ್ಮ ಕಡೆಯದು. ತಾಯಿ ಏನು ಹೇಳುತ್ತಾರೋ ಅದೇ ಮಾತು."

ಪಕ್ಕದಾಕೆ ಎದ್ದು ಬಂದು, ಎಲ್ಲರೆದುರು, ನನ್ನ ಮುಂದೆ ಮೊಣಕಾಲು ಬಗ್ಗಿಸಿದಳು. "ಸಿಸ್ಟರ್, ನಿಮ್ಮನ್ನು ಕೇಳದೆ ಅವಳನ್ನು ಕರೆದೆ. ಈಗ ಕೇಳುತ್ತಿದ್ದೇನೆ."

ನಾನು ಗೆದ್ದಿದ್ದೆ. ಆರು ತಿಂಗಳು ಕಿಟಕಿಯ ಹತ್ತಿರ ನಿಂತು ಬಯಸಿದ್ದು ಇದನ್ನೇ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಮಗಳು ಮಾತ್ರ ನನ್ನನ್ನು ನೋಡದೆ, ಕೈಕಟ್ಟಿ, ನಾನು ಏನು ಹೇಳಿದರೂ ಮುಟ್ಟಿಸಲು ತಯಾರಾಗಿ ನಿಂತಿದ್ದಳು. ಬೇಡ ಅಂದಿದ್ದರೆ ಅದನ್ನೂ ಚೆಂದ ಮಾಡಿಯೇ ಹೇಳುತ್ತಿದ್ದಳು. ಬೇಡ ಅನ್ನುವ ಅಧಿಕಾರ ನನ್ನದೇ ಎಂದು ಅಷ್ಟು ಜನರೆದುರು ತೀರ್ಮಾನವಾದ ಮೇಲೆ, ಅದನ್ನು ಚಲಾಯಿಸುವ ಹಟ ಎಲ್ಲಿಗೋ ಹೋಗಿತ್ತು. ಹೊಟ್ಟೆಕಿಚ್ಚು ಹೋಗಿರಲಿಲ್ಲ, ಅದು ಬೇರೆ.

"ಹೋಗಿ ಬರ್ಲಿ ಅಂತ ಹೇಳು," ಎಂದೆ. "ದಿನಾ ಫೋನ್ ಮಾಡ್ಬೇಕು ಅಂತನೂ ಹೇಳು."

"ಅದನ್ನ ಅವರಿಗೆ ಹೇಳ್ಬೇಕಾ ಅಮ್ಮಾ, ನನಗಾ?" ಎಂದು ಕೇಳಿದಳು ಮಗಳು, ಕನ್ನಡದಲ್ಲಿ.

"ಇಬ್ಬರಿಗೂ."

ಡಿಸೆಂಬರಿನಲ್ಲಿ ನಾನು ಧಾರವಾಡದಲ್ಲಿ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಮಗಳ ವಿಡಿಯೋ ಬಂತು. ಮತದಾನ ಮುಗಿದಿತ್ತು. ಅಲ್ಲಿ ಓಟು ಹಾಕಿದ ಜಾಗದಲ್ಲೇ ಜನರೆದುರು ಎಣಿಸುತ್ತಾರೆ. ಮರದ ಕೆಳಗೊಂದು ಮೇಜು, ಸುತ್ತ ಹಗ್ಗ. ಅಧಿಕಾರಿ ಒಂದೊಂದೇ ಮತಪತ್ರವನ್ನು ಎತ್ತಿ ತೋರಿಸುತ್ತಾನೆ, ಹಗ್ಗದಾಚೆ ನಿಂತ ಜನ ಒಂದೇ ದನಿಯಲ್ಲಿ ಎಣಿಕೆ ಕೂಗುತ್ತಾರೆ. ಆ ಗುಂಪಿನಲ್ಲಿ ನನ್ನ ಮಗಳೂ ಬಾಯಿ ತೆರೆದು ಕೂಗುತ್ತಿದ್ದಳು.

ಅಕ್ಕ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. "ಯಾರು ಗೆದ್ರು?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕಿದೆ. ಮಗಳ ಹೆಗಲ ಮೇಲೆ ಒಂದು ಕೈ ಇತ್ತು, ಕಿರುಬೆರಳಿಗೆ ಓಟಿನ ಶಾಯಿ ಹತ್ತಿದ್ದ ಕೈ. ಎಣಿಕೆ ಮುಗಿಯುವವರೆಗೂ ಅದು ಅಲ್ಲಿಂದ ಕದಲಲಿಲ್ಲ.