ಪೆಟ್ಟಿಗೆ ಮೇಲೆ ಕೂತ ನಮ್ಮತ್ತೆ

ನಮ್ಮತ್ತೆಯ ಹೆಬ್ಬೆರಳು ಕಪ್ಪಗಿತ್ತು. ಹಸಿ ಹೊಗೆಸೊಪ್ಪು ಮುರಿದು ಮುರಿದು ಅಂಟಿದ ಕರೆ, ಹುಣಸೆಹಣ್ಣು ಹಾಕಿ ಉಜ್ಜಿದರೂ ಬಿಡುತ್ತಿರಲಿಲ್ಲ. ಆ ಕೈಯಲ್ಲೇ ದೇವರ ದೀಪ ಹಚ್ಚುತ್ತಿದ್ದರು. ಹೊಸದಾಗಿ ಸೊಸೆಯಾಗಿ ಬಂದಿದ್ದ ನಾನು, ಕೈ ತೊಳ್ಕೊಳ್ಳಿ ಅತ್ತೆ ಅಂದಿದ್ದಕ್ಕೆ, ದುಡಿದ ಕೈಯನ್ನ ದೇವರು ಗುರುತು ಹಿಡೀತಾನೆ ಬಿಡು ಅಂದಿದ್ದರು.

ನಮ್ಮದು ಪಿರಿಯಾಪಟ್ಟಣದ ಪಕ್ಕದ ಊರು. ಜಮೀನಿನ ಕಾಗದಗಳೆಲ್ಲ ನಡುಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿದ್ದವು. ಮಾವನವರ ತಾತ ಕೊಂಡ ಗದ್ದೆಯ ಕ್ರಯಪತ್ರ, ಆಮೇಲಿನವರು ಮಾಡಿಕೊಂಡ ಪಾಲುಪಟ್ಟಿಗಳು, ಕಂದಾಯದ ರಸೀದಿಗಳು. ವರ್ಷಕ್ಕೊಮ್ಮೆ ಅತ್ತೆ ಅವನ್ನು ಚಾಪೆಯ ಮೇಲೆ ಬಿಸಿಲಿಗೆ ಹರಡಿ, ಹುಳ ಬೀಳದ ಹಾಗೆ ನಡುನಡುವೆ ಒಣ ಹೊಗೆಸೊಪ್ಪು ಇಡುತ್ತಿದ್ದರು. ಅವರಿಗೆ ಓದು ಬಾರದು, ನಾನು ಓದಿ ಹೇಳಬೇಕು. ಪ್ರತಿ ಪತ್ರ ಮುಗಿದಾಗಲೂ ಒಂದೇ ಪ್ರಶ್ನೆ: "ಇದ್ರಲ್ಲಿ ಹೆಣ್ಣಿನೆಸ್ರು ಎಲ್ಲೈತೆ, ತೋರ್ಸು." ಹಕ್ಕು ಬಿಟ್ಟುಕೊಟ್ಟ ಹೆಣ್ಣುಮಕ್ಕಳು ಕೊನೆಯಲ್ಲಿ ಒತ್ತಿದ ಹೆಬ್ಬೆಟ್ಟು ತೋರಿಸುತ್ತಿದ್ದೆ. ಅಷ್ಟು ತಲೆಮಾರಿನ ಕಾಗದದಲ್ಲಿ ಹೆಂಗಸರು ಬಂದಿದ್ದು ಅಷ್ಟಕ್ಕೇ. ಅತ್ತೆ ಕಾಗದ ಮಡಿಸಿಡುತ್ತಿದ್ದರು.

ಮಾವ ಹೋದ ಮೇಲೆ ನಮ್ಮ ಯಜಮಾನರೂ ಮೈದುನನೂ ಪಾಲಾಗಲು ಹೊರಟರು. ಹೆಣ್ಣುಮಕ್ಕಳಿಗೂ ಪಾಲುಂಟು ಅಂತ ರೇಡಿಯೋದಲ್ಲಿ ಹೇಳುತ್ತಿದ್ದ ಕಾಲ. ಅದಕ್ಕೇ ಎಚ್.ಡಿ. ಕೋಟೆಗೆ ಕೊಟ್ಟಿದ್ದ ನಾದಿನಿಯನ್ನು ಹಕ್ಕು ಬಿಟ್ಟುಕೊಡುವ ಸಹಿಗೆ ಅವಸರವಾಗಿ ಕರೆಸಿದರು. ಜಗಲಿಯಲ್ಲಿ ಊರ ಹಿರಿಯರು, ಜೊತೆಗೆ ಪತ್ರ ಬರೆಯುವವನು. ಹಳೇ ಪತ್ರ ನೋಡದೆ ಬರೆಯೋಕಾಗಲ್ಲ ಅಂದ ಅವನು. ದೇವರೇ ಅವನ ಬಾಯಲ್ಲಿ ಕೂತು ಆಡಿಸಿದ ಮಾತದು. ಅತ್ತೆ ಎದ್ದು ಹೋಗಿ ಪೆಟ್ಟಿಗೆ ಮೇಲೆ ಕೂತುಬಿಟ್ಟರು.

"ಎದ್ದೇಳವ್ವ. ಅವಳ್ಗೆ ರೇಶ್ಮೆ ಸೀರೆ ತಂದೀವಿ ಕಣವ್ವ," ಅಂದ ಮೈದುನ.

"ಚೆಂದಾಗೈತೆ, ನೀನೇ ಉಟ್ಕೊ. ನಿನ್ ಪಾಲು ಅವಳ್ಗೆ ಬುಟ್ಕೊಡು."

ಜಗಲಿಯಲ್ಲಿ ಯಾರೋ ನಕ್ಕರು. ಹಿರಿಯರೊಬ್ಬರು, ಮದುವೆ ಮಾಡಿ ಕಳಿಸಿದ್ದೀರಲ್ಲಮ್ಮ ಅಂತ ಸಮಾಧಾನ ಹೇಳಿದರು.

"ಮದ್ವೆ ಮಾಡ್ದೆ ಕಣಪ್ಪ. ಮಾರ್ಲಿಲ್ಲ."

ನಾದಿನಿಗೇ ಹೆದರಿಕೆ. "ನಂಗೇನೂ ಬ್ಯಾಡ ಬುಡವ್ವ. ತವರು ಬಾಗ್ಲು ಮುಚ್ಚೋಯ್ತದೆ," ಅಂತ ಅತ್ತಳು.

"ಬಾಗ್ಲು ನಂದು. ಅದ್ಯಾರು ಮುಚ್ತಾರೋ ನೋಡೇ ಬುಡ್ತೀನಿ."

ಯಜಮಾನರು ನನ್ನನ್ನು ಕರೆದು, ಹೇಗಾದರೂ ಬೀಗದಕೈ ಇಸಕೋ ಅಂದರು. ನಾನು ಒಂದು ಲೋಟ ಮಜ್ಜಿಗೆ ತಂದು ಅತ್ತೆಯ ಕೈಗಿಟ್ಟು, ಅವರ ಪಕ್ಕದಲ್ಲೇ ನಿಂತೆ. ಹಿರಿಯರು ಊಟದ ಹೊತ್ತಿಗೆ ಎದ್ದು ಹೋದರು.

ಹೀಗೇ ಎರಡು ಸಲ ಸೇರಿ ಚದುರಿದ ಮೇಲೆ, ಕಾಲುವೆ ಕೆಳಗಿನ ಗದ್ದೆ ನಾದಿನಿಯ ಹೆಸರಿಗಾಯಿತು. ಪೂರ್ತಿ ಪಾಲೇನಲ್ಲ, ಆದರೂ ಪಹಣಿಯಲ್ಲಿ ಹೆಸರು ಬಂತು. ಅದನ್ನು ನಾನು ಅತ್ತೆಗೆ ಓದಿ ಹೇಳಿದೆ. ಇನ್ನೊಂದ್ಸಲ ಓದು ಅಂದರು. ಅಷ್ಟು ಕೇಳಿಸಿಕೊಳ್ಳೋಕೆ ಅವರಿಗೆ ಆಯಸ್ಸು ಉಳಿಸಿದ್ದಕ್ಕೆ ಈಗಲೂ ಮನೆದೇವರಿಗೆ ಕೈ ಮುಗೀತೀನಿ.

ಮೈದುನ ಮಾತ್ರ ಅಕ್ಕನ ಜೊತೆ ಮಾತು ಬಿಟ್ಟ. ಅತ್ತೆ ಇದ್ದಷ್ಟು ದಿನ ಅವಳು ಗೌರಿಹಬ್ಬಕ್ಕೆ ಬಂದಳು. ಅತ್ತೆ ತೀರಿಕೊಂಡ ಮೇಲೆ ಬರಲಿಲ್ಲ. ವರ್ಷದ ತಿಥಿಗೆ ತನ್ನ ಗದ್ದೆಯ ಅಕ್ಕಿ ತಂದು ಹೊಸ್ತಿಲಾಚೆಯೇ ನಿಂತಳು. ಗಂಡುಮಕ್ಕಳಿರೋವಾಗ ಅವಳ ಅಕ್ಕಿ ಎಡೆಗ್ಯಾಕೆ ಅಂದ ಮೈದುನ. ಯಜಮಾನರು ನನ್ನ ಮುಖ ನೋಡಿದರು. ನಾನು ಯಾರ ಮುಖವನ್ನೂ ನೋಡಲಿಲ್ಲ. ನಾದಿನಿಯ ಕೈ ಹಿಡಿದು ಒಳಕ್ಕೆ ಕರಕೊಂಡು ಹೋಗಿ, ಮನೆಯ ಅಕ್ಕಿ ಪಕ್ಕಕ್ಕಿಟ್ಟು, ಅವಳದ್ದನ್ನೇ ತೊಳೆದು ಒಲೆಗೆ ಹಾಕಿದೆ.