ಸೊಪ್ಪು ಹಾಕಬೇಡಿ ಎಂದು ಓಡಿಬಂದವರು

ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದ ಮರುವರ್ಷ, ಅಂದರೆ 2008ರ ಫೆಬ್ರವರಿ. ಆಗ ನಾನು ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಬಿಸಿನೆಸ್ ಸಿಸ್ಟಮ್ಸ್ ಅನಲಿಸ್ಟ್ ಆಗಿದ್ದೆ. ಈ ಹೆಸರು ಕೇಳಿದವರು ಒಮ್ಮೆ ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರು. ಗೌರಿಬಿದನೂರಿನ ನಮ್ಮ ಚಿಕ್ಕಪ್ಪ ಮಾತ್ರ ಸುಮ್ಮನಾಗುವವರಲ್ಲ. ಊರಿಗೆ ಹೋದಾಗಲೆಲ್ಲ, "ಬಿಸಿನೆಸ್ಸು ಅಂದ್ರೆ ಏನ್ ವ್ಯಾಪಾರಾನಮ್ಮ ನಿಂದು? ಅಂಗಡಿ ಎಲ್ಲಿಟ್ಟಿದೀಯ?" ಎಂದು ನಾಲ್ಕು ಜನರ ಮುಂದೆ ಕೇಳುತ್ತಿದ್ದರು. ಸಂಶೋಧನೆಗೆ ಬರುವ ಅನುದಾನ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ವಿಚಾರಿಸಿ, ಅದನ್ನೆಲ್ಲ ಕಂಪ್ಯೂಟರಿನಲ್ಲಿ ನಡೆಯುವಂತೆ ಮಾಡಿಸುವುದು ನನ್ನ ಕೆಲಸ. ಇಷ್ಟು ಹೇಳುವಷ್ಟರಲ್ಲಿ ಚಿಕ್ಕಪ್ಪ ಕಾಫಿ ಮುಗಿಸಿ ಎದ್ದಿರುತ್ತಿದ್ದರು.

ಆ ವರ್ಷ ಹೊಸ ಸಾಫ್ಟ್‌ವೇರ್ ಶುರುವಾಗಿತ್ತು. ಊರ ಹೊರಗಿನ ಸಂಶೋಧನಾ ಕೇಂದ್ರಗಳಲ್ಲಿ ಅದು ಹೇಗೆ ನಡೆಯುತ್ತಿದೆ ಎಂದು ಕಣ್ಣಾರೆ ನೋಡಿಬರಲು ನನ್ನನ್ನು ಕಳಿಸಿದರು. ಹಾಗೆ ಹೋದದ್ದು ಚಿಂತಾಮಣಿಯಿಂದ ಶಿಡ್ಲಘಟ್ಟದ ಕಡೆಗೆ ಹೋಗುವ ದಾರಿಯಲ್ಲಿದ್ದ ಒಂದು ಪುಟ್ಟ ಕೇಂದ್ರಕ್ಕೆ. ಒಂದು ಆಫೀಸು ಕೋಣೆ, ಹಿಂದೆ ಉದ್ದನೆಯ ಹುಳು ಮನೆ, ಅದರ ಆಚೆ ಹಿಪ್ಪುನೇರಳೆ ತೋಟ. ಅಲ್ಲಿ ನಾಗವೇಣಿ ಎಂಬ ಹುಡುಗಿ ರೇಷ್ಮೆಹುಳುವಿನ ರೋಗದ ಬಗ್ಗೆ ಪಿಎಚ್‌ಡಿಗೆ ಪ್ರಯೋಗ ಮಾಡುತ್ತಿದ್ದಳು. ಅವಳ ಮಾರ್ಗದರ್ಶಕರು ಆ ವಾರ ಪರವೂರಿನಲ್ಲಿದ್ದರು.

ನಾನು ಹುಳು ಮನೆಯ ಬಾಗಿಲಿಗೆ ಹೋದಾಗ ನಾಗವೇಣಿ ಅಡ್ಡ ನಿಂತಳು. "ಮೇಡಂ, ಪೌಡರ್ ಹಾಕ್ಕೊಂಡಿದೀರಾ? ಸೆಂಟು?"

ಎರಡೂ ಹಾಕಿಕೊಂಡಿದ್ದೆ. ಬೆಂಗಳೂರಿನಿಂದ ಬರುವ ಮೇಡಂ ಅಲ್ಲವೇ! ಅವಳು ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಸೋಪು ಕೊಟ್ಟು ಮುಖ, ಕುತ್ತಿಗೆ, ಕೈ ಎಲ್ಲ ತೊಳೆಸಿದಳು. ಆಮೇಲೆ ಬಾಗಿಲಲ್ಲಿದ್ದ ಔಷಧಿ ನೀರಿನಲ್ಲಿ ಕಾಲು ಅದ್ದಿಸಿ ಒಳಗೆ ಬಿಟ್ಟಳು. "ಬೇಜಾರ್ ಮಾಡ್ಕೋಬೇಡಿ ಮೇಡಂ. ಇವು ತುಂಬಾ ನಾಜೂಕು. ಸೊಳ್ಳೆ ಬತ್ತಿ ಹೊಗೆಗೂ ಸಾಯ್ತವೆ" ಎಂದಳು.

ಒಳಗೆ ಸಾಲು ಸಾಲು ತಟ್ಟೆಗಳು, ತಟ್ಟೆ ತುಂಬ ಬೆರಳುದ್ದದ ಹುಳುಗಳು. ಎಲ್ಲ ಒಟ್ಟಿಗೆ ಸೊಪ್ಪು ತಿನ್ನುತ್ತಿದ್ದವು. ಒಣಗಿದ ತರಗೆಲೆಯ ಮೇಲೆ ಸೋನೆ ಮಳೆ ಬಿದ್ದ ಹಾಗೆ ಸದ್ದು. ಗೂಡು ಕಟ್ಟುವ ಮೊದಲಿನ ಈ ಕಡೆಯ ವಾರದಲ್ಲಿ ಅವು ಹಗಲು ರಾತ್ರಿ ತಿನ್ನುತ್ತವಂತೆ. ಒಂದು ಹೊತ್ತು ತಪ್ಪಿದರೂ ಸೊರಗುತ್ತವೆ. ಹಾಗೆ ಸೊರಗಿದ ಹುಳುವಿನಿಂದ ಬಂದ ಲೆಕ್ಕ ಪ್ರಯೋಗಕ್ಕೆ ಕೆಲಸಕ್ಕೆ ಬರುವುದಿಲ್ಲ. ನಾಗವೇಣಿಯ ಪ್ರಯೋಗದಲ್ಲಿ ಇದೇ ಕೊನೆಯ ಬೆಳೆ. ಮಾರ್ಚ್ ಮುಗಿದರೆ ಅನುದಾನವೂ ಮುಗಿಯಿತು, ಮತ್ತೆ ಇನ್ನೊಂದು ಬೆಳೆ ತೆಗೆಯಲು ಸಮಯವೂ ಇಲ್ಲ, ಹಣವೂ ಇಲ್ಲ. ಇದು ಚೆನ್ನಾಗಿ ಬಂದರೆ ಅವಳ ಎರಡು ವರ್ಷದ ದುಡಿಮೆ ದಡ ಸೇರಿದಂತೆ.

ಮರುದಿನ ಬೆಳಿಗ್ಗೆ ನಾನು ಆಫೀಸು ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದೆ. ತೋಟದಿಂದ ಕೊಯ್ದು ತಂದ ಸೊಪ್ಪಿನ ಹೊರೆಗಳು ಜಗುಲಿಯ ಮೇಲಿದ್ದವು. ನಾಗವೇಣಿ ಒಂದು ಹೊರೆ ಬಿಚ್ಚಿ ಒಳಗೆ ಒಯ್ಯಲು ಎತ್ತಿಕೊಂಡಿದ್ದಳು. ಅಷ್ಟರಲ್ಲಿ ಗೇಟಿನ ಕಡೆಯಿಂದ ಹಾರನ್ ಒತ್ತಿ ಹಿಡಿದುಕೊಂಡೇ ಒಂದು ಮೊಪೆಡ್ ಒಳಗೆ ನುಗ್ಗಿತು. ಅದರ ಮೇಲಿದ್ದ ಮನುಷ್ಯ ಗಾಡಿಯನ್ನು ನಿಲ್ಲಿಸಲಿಲ್ಲ, ಬಿಸಾಕಿಯೇ ಬಂದರು.

"ಹಾಕ್ಬೇಡಮ್ಮೋ! ಸೊಪ್ಪು ಹಾಕ್ಬೇಡ! ಇಳಿಸು ಕೆಳಗೆ!"

ಅವರು ಪಕ್ಕದ ದ್ರಾಕ್ಷಿ ತೋಟದ ಅಂಜಿನಪ್ಪ. ಐವತ್ತರ ಆಸುಪಾಸು, ತಲೆಗೆ ಟವೆಲ್ ಸುತ್ತಿದ್ದರು. ಉಸಿರು ಸಿಕ್ಕಿಹಾಕಿಕೊಂಡು ಮಾತು ತುಂಡು ತುಂಡಾಗಿ ಬರುತ್ತಿತ್ತು. ವಿಷಯ ಇಷ್ಟು. ದ್ರಾಕ್ಷಿಗೆ ಔಷಧಿ ಹೊಡೆಯುವ ಮುಂಚೆ ಅಕ್ಕಪಕ್ಕದ ಹುಳು ಮನೆಗೆ ಹೇಳಿಬರುವುದು ಅಲ್ಲಿಯ ಪದ್ಧತಿ. ಹೇಳಿದರೆ ಇವರು ಎರಡು ದಿನಕ್ಕಾಗುವ ಸೊಪ್ಪನ್ನು ಮೊದಲೇ ಕೊಯ್ದು ತಂಪಾಗಿ ಇಟ್ಟುಕೊಳ್ಳುತ್ತಾರೆ, ಗಾಳಿಗೆ ಬೀಳುವ ಬದುವಿನ ಸಾಲನ್ನು ಮುಟ್ಟುವುದಿಲ್ಲ. ಅಂಜಿನಪ್ಪ ಔಷಧಿ ಹೊಡೆಸಬೇಕಾಗಿದ್ದದ್ದು ಮಾರನೆಯ ದಿನ. ಬಾಡಿಗೆ ಮೆಷಿನ್ನಿನವರಿಗೆ ಬೇರೆ ಕಡೆ ಕೆಲಸ ತಪ್ಪಿತೆಂದು ಒಂದು ದಿನ ಮೊದಲೇ, ನಸುಕಿನಲ್ಲೇ ಬಂದು ಹೊಡೆದು ಮುಗಿಸಿದ್ದರು. ಅಂಜಿನಪ್ಪ ಮಂಡಿಕಲ್ಲಿನ ನೆಂಟರ ಮನೆಗೆ ಹೋಗಿದ್ದವರು ಆಗಷ್ಟೇ ವಾಪಸು ಬಂದು ನೋಡಿದ್ದರು. ಗಾಳಿ ಪೂರ್ತಿ ಈ ಕಡೆಗೇ ಬೀಸುತ್ತಿದ್ದರಿಂದ ಹಿಪ್ಪುನೇರಳೆ ತೋಟದ ಅಷ್ಟೂ ಸಾಲಿಗೆ ಔಷಧಿ ಬಿದ್ದಿತ್ತು.

ನಾಗವೇಣಿ ಕೈಯಲ್ಲಿದ್ದ ಹೊರೆಯನ್ನು ಬಿಟ್ಟಳು. ಎಲೆಗಳು ಹಸಿರಾಗಿ, ತಾಜಾ ಇದ್ದವು. ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಅವಳು ಹುಳು ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತು, "ಎಲ್ಲಾ ಹೋಯ್ತು ಅಕ್ಕಾ" ಎಂದಳು. ಅದುವರೆಗೆ ಮೇಡಂ ಎನ್ನುತ್ತಿದ್ದವಳು ಅವತ್ತು ಮೊದಲ ಸಲ ಅಕ್ಕ ಎಂದಿದ್ದು.

ಹುಳುಗಳು ಬದುಕಿದವು ನಿಜ, ಆದರೆ ಅವುಗಳ ಬಾಯಿಗೆ ಹಾಕಲು ಒಂದೆಲೆ ಇರಲಿಲ್ಲ. ಹೊರಗಿನಿಂದ ಸೊಪ್ಪು ಕೊಳ್ಳೋಣವೆಂದು ನಾನು ಬೆಂಗಳೂರಿನ ಲೆಕ್ಕಪತ್ರ ವಿಭಾಗಕ್ಕೆ ಫೋನ್ ಮಾಡಿದೆ. ಸಿಗ್ನಲ್ ಸಿಗದೆ ನೀರಿನ ತೊಟ್ಟಿಯ ಕಟ್ಟೆ ಹತ್ತಿ ನಿಂತು ಮಾತಾಡಿದ್ದು. ಅಲ್ಲಿದ್ದವರು ಒಳ್ಳೆಯವರೇ. ಆದರೆ ನಕ್ಕು, "ನಿಮ್ಮ ಸಿಸ್ಟಮ್ಮೇ ಅಲ್ವಾ ಮೇಡಂ? ಮೂರು ಕೊಟೇಶನ್ ಹಾಕ್ದೆ ಮುಂದಕ್ಕೇ ಹೋಗಲ್ಲ. ನಾನೇನ್ ಮಾಡ್ಲಿ?" ಎಂದರು. ಮೂರು ಅಂಗಡಿಯಿಂದ ದರಪಟ್ಟಿ ತರಲು ಹಿಪ್ಪುನೇರಳೆ ಸೊಪ್ಪೇನು ಮೇಜು ಕುರ್ಚಿಯೇ? ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೈಯಿಂದ ಕೊಟ್ಟರಾಯಿತು ಎಂದುಕೊಂಡರೂ, ಸೊಪ್ಪು ಎಲ್ಲಿ ಸಿಗುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಅಂಜಿನಪ್ಪ ಹೋಗದೆ ಅಲ್ಲೇ ನಿಂತಿದ್ದರು. ಬಿದ್ದಿದ್ದ ಮೊಪೆಡ್ ಎತ್ತಿ ನಿಲ್ಲಿಸಿ, "ಮೇಡಮ್ಮ, ಕೂತ್ಕೊಳ್ಳಿ ಹಿಂದೆ. ಆ ಯಮ್ಮ ಹುಳಾ ಬಿಟ್ಟು ಬರಂಗಿಲ್ಲ. ನಾವ್ ಹೋಗಣ" ಎಂದರು.

ಸೀರೆ ಉಟ್ಟು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ ನೇತುಹಾಕಿಕೊಂಡು, ಪರಿಚಯವೇ ಇಲ್ಲದವರ ಮೊಪೆಡ್ ಹಿಂದೆ ಅಡ್ಡ ಕೂತೆ. ಆ ಮಣ್ಣುದಾರಿಯಲ್ಲಿ ಹಳ್ಳ ಬಂದಾಗಲೆಲ್ಲ ಅವರು, "ಗಟ್ಟಿಯಾಗಿ ಹಿಡ್ಕೊಳಿ, ಬಿದ್ರೆ ಅದೂ ನನ್ ತಲೇ ಮೇಲ್ ಬರ್ತದೆ" ಎನ್ನುತ್ತಿದ್ದರು. ಮೊದಲು ನಿಲ್ಲಿಸಿದ ತೋಟದಲ್ಲಿ ಹಿಂದಿನ ದಿನವೇ ಕೊಯ್ಲು ಮುಗಿದು ಬರೀ ಕಡ್ಡಿ ನಿಂತಿತ್ತು. ಇನ್ನೊಂದರಲ್ಲಿ ಹಳೇ ನಾಟಿ ಸೊಪ್ಪು. ನಾವು ಹೊರಡುವಾಗಲೇ ನಾಗವೇಣಿ ಹೇಳಿದ್ದಳು, ಇಷ್ಟು ದಿನ ತಿಂದ ತಳಿಯ ಸೊಪ್ಪೇ ಬೇಕು, ಬೇರೆಯದಾದರೆ ಪ್ರಯೋಗ ಕೆಡುತ್ತದೆ ಎಂದು. ಹೊತ್ತು ಏರುತ್ತಿತ್ತು. ಬೆಳಗಿನ ಸೊಪ್ಪು ಆಗಲೇ ತಪ್ಪಿತ್ತು.

ದಾರಿಯಲ್ಲಿ ಅಂಜಿನಪ್ಪ ಕೇಳಿದರು. "ನೀವೇನ್ ಕೆಲ್ಸ ಮಾಡ್ತೀರಮ್ಮ?"

ಚಿಕ್ಕಪ್ಪನಿಗೆ ಹೇಳುವುದನ್ನೇ ಅವರಿಗೂ ಹೇಳಿದೆ. ಮೊಪೆಡ್ಡಿನ ಸದ್ದಿನಲ್ಲಿ ಕೂಗಿ ಹೇಳಬೇಕಾಯಿತು.

"ಓ, ನೀರುಗಂಟಿ ಕೆಲ್ಸ ಅನ್ನಿ" ಎಂದರು. ಕೆರೆಯ ನೀರನ್ನು ಯಾರ ಗದ್ದೆಗೆ ಯಾವಾಗ ಬಿಡಬೇಕೆಂದು ನೋಡಿಕೊಳ್ಳುವವನು ನೀರುಗಂಟಿ. ನನ್ನ ಕೆಲಸವನ್ನು ಅಷ್ಟು ಬೇಗ ಅರ್ಥ ಮಾಡಿಕೊಂಡವರು ಅದುವರೆಗೆ ಯಾರೂ ಇರಲಿಲ್ಲ.

ನಾನೂ ಬಾಯಿಬಿಟ್ಟು ಕೇಳಿದೆ. "ಅಂಜಿನಪ್ಪನವರೇ, ನೀವು ಬಂದು ಹೇಳದೇ ಇದ್ದಿದ್ದರೆ ಹುಳ ಯಾಕೆ ಸತ್ತವು ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ರೋಗ ಅಂದ್ಕೊಳ್ತಿದ್ವಿ. ಈಗ ನಾಳೆ ಯಾರಾದ್ರೂ ನಿಮ್ಮ ಮೇಲೆ ದೂರು ಕೊಟ್ಟರೆ?"

ಅವರು ಮುಂದೆ ಬಂದ ಹಳ್ಳವನ್ನು ತಪ್ಪಿಸಿ ಗಾಡಿ ಓಡಿಸಿದರು. ಆಮೇಲೆ, "ಕೊಟ್ರೆ ಕೊಡ್ಲಿ ಬಿಡಿ. ನಮ್ಮಮ್ಮ ಹುಳಾ ಸಾಕಿ ನಮ್ನ ಸಾಕಿದ್ದು. ನಾನು ಚಿಕ್ಕೋನಾಗಿದ್ದಾಗ ಒಂದ್ಸಲ ತಟ್ಟೆ ತಟ್ಟೇನೇ ಸತ್ತೋದ್ವು. ಅವತ್ತು ನಮ್ಮನೇಲಿ ಒಲೆ ಹಚ್ಚಲಿಲ್ಲ. ನಮ್ಮಮ್ಮ ಖಾಲಿ ತಟ್ಟೆ ಮುಂದೆ ಹಂಗೇ ಕೂತಿದ್ಲು. ಆ ಹುಡ್ಗಿ ಹಂಗ್ ಕೂತ್ಕೊಳೋದು ನನ್ ಕೈಲಿ ನೋಡಕ್ಕಾಗಲ್ಲಮ್ಮ" ಎಂದರು.

ಕೊನೆಗೆ ಅವರು ಗಾಡಿ ತಿರುಗಿಸಿದ್ದು ತಮ್ಮ ಅಕ್ಕ ರತ್ನಮ್ಮನವರ ಊರಿಗೆ. ಆಕೆ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ಅಕ್ಕ ತಮ್ಮ ತೆಲುಗಿನಲ್ಲಿ ಗಡಗಡ ಮಾತಾಡಿದರು. ಮೊದಲು ತಮ್ಮನಿಗೆ ಚೆನ್ನಾಗಿ ಬೈಗುಳ ಬಿತ್ತು. ಅದು ಅರ್ಥವಾಗಲು ನನಗೆ ತೆಲುಗು ಬರಬೇಕಾಗಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟೊತ್ತಾಯ್ತಮ್ಮ ಹುಳಾ ತಿಂದು?" ಎಂದರು.

"ರಾತ್ರಿ ಹಾಕಿದ್ದು."

"ಅಯ್ಯೋ!" ಎಂದು ಎದ್ದೇಬಿಟ್ಟರು. ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ಎಳೆದುಕೊಂಡು ತೋಟಕ್ಕೆ ಹೊರಟರು. ಹೋಗುತ್ತಾ ಪಕ್ಕದ ಮನೆಯ ಹೆಂಗಸರನ್ನೂ ಕೂಗಿ ಕರೆದರು.

ತೋಟದಲ್ಲಿ ಬೇಕಾದ ತಳಿಯ ಸೊಪ್ಪೇ ಎದೆಯೆತ್ತರಕ್ಕೆ ನಿಂತಿತ್ತು. ಆದರೆ ಅವರ ಮನೆಯೊಳಗೂ ತಟ್ಟೆಗಳಲ್ಲಿ ಹುಳುಗಳಿದ್ದುದನ್ನು ನಾನು ಬರುವಾಗ ಬಾಗಿಲಲ್ಲಿ ಕಂಡಿದ್ದೆ. ತಡೆಯಲಾರದೆ ಕೇಳಿದೆ. "ಅಮ್ಮಾ, ನಮಗೆ ಕೊಟ್ಟುಬಿಟ್ಟರೆ ನಿಮ್ಮ ಹುಳಕ್ಕೆ?"

"ನಮ್ಮವು ಇನ್ನೂ ಸಣ್ಣವು ಕಣಮ್ಮ. ಅವು ದೊಡ್ಡವಾಗೋಷ್ಟರಲ್ಲಿ ಹೆಂಗೋ ಆಗ್ತದೆ. ನಿಮ್ಮವು ಈಗ್ಲೇ ಹಸ್ಕೊಂಡವೆ."

ಪರ್ಸಿನಿಂದ ಹಣ ತೆಗೆದೆ. ರತ್ನಮ್ಮನವರು ಕೊಯ್ಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಒಳಗಿಡಮ್ಮ ಅದ್ನ. ಹುಳಾ ಹಸ್ಕೊಂಡು ತಲೆ ಎತ್ಕೊಂಡಿರುವಾಗ ರೇಟ್ ಮಾತಾಡ್ತಾರೇನಮ್ಮ ಯಾರಾದ್ರೂ?" ಎಂದರು. ಅವರ ದನಿಯಲ್ಲಿ ಸಿಟ್ಟಿತ್ತು. ನಾನು ಪೆಚ್ಚಾಗಿ ಪರ್ಸನ್ನು ಒಳಗಿಟ್ಟು ಅವರ ಜೊತೆ ರೆಂಬೆ ಜೋಡಿಸಲು ಕೂತೆ.

ಒದ್ದೆ ಗೋಣಿಯಲ್ಲಿ ಸುತ್ತಿದ ಮೊದಲ ಹೊರೆ ಮೊಪೆಡ್ಡಿನ ಮುಂದೆ, ಎರಡನೆಯದು ಹಿಂದೆ. ಎರಡನೆಯದನ್ನು ಅಪ್ಪಿಕೊಂಡು ತುದಿಯಲ್ಲಿ ನಾನು. ಉಳಿದದ್ದನ್ನು ಆಕೆಯ ಮಗ ಎತ್ತಿನ ಗಾಡಿಯಲ್ಲಿ ತರುತ್ತೇನೆಂದ. ಹೊರಡುವಾಗ ರತ್ನಮ್ಮ ಓಡುತ್ತ ಬಂದು, "ತಿನೇಸಿ ಪೋಂಡಮ್ಮಾ" ಎಂದು, ನನಗೆ ತೆಲುಗು ಬಾರದೆಂದು ನೆನಪಾಗಿ, "ಒಂದ್ ತುತ್ತು ಊಟ ಮಾಡ್ಕೊಂಡು ಹೋಗ್ರಮ್ಮ" ಎಂದರು. ಹುಳು ತಿಂದ ಮೇಲೆ ಬರುತ್ತೇನೆ ಎಂದೆ. ಅದು ಅವರಿಗೆ ಒಪ್ಪಿಗೆಯಾಯಿತು.

ಕೇಂದ್ರ ಮುಟ್ಟಿದಾಗ ನನ್ನ ಸೀರೆ ಗೋಣಿಯ ನೀರಿಗೆ ತೊಪ್ಪೆಯಾಗಿತ್ತು. ಕಾಲು ಅದ್ದಿ ಹುಳು ಮನೆಯೊಳಗೆ ಹೋದೆ. ಹಿಂದಿನ ದಿನ ಕೇಳಿದ ಸೋನೆಯ ಸದ್ದು ಇರಲಿಲ್ಲ. ಎಲ್ಲ ತಟ್ಟೆಗಳಲ್ಲೂ ಹುಳುಗಳು ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿದ್ದವು. ರತ್ನಮ್ಮ ನೋಡದೆಯೇ ಹೇಳಿದ್ದು ಇದನ್ನೇ. ನಾಗವೇಣಿ ಹೊರೆ ಬಿಚ್ಚಿ ಒಂದೊಂದೇ ತಟ್ಟೆಗೆ ರೆಂಬೆ ಹರಡಿದಳು. ನಾನೂ ಹರಡಿದೆ. ಮೊದಲು ಒಂದು ಮೂಲೆಯಲ್ಲಿ ಸಣ್ಣಗೆ ಸದ್ದಾಯಿತು. ಆಮೇಲೆ ಪಕ್ಕದ ಸಾಲಿನಲ್ಲಿ. ನೋಡನೋಡುತ್ತಿದ್ದಂತೆ ಇಡೀ ಮನೆಯಲ್ಲಿ ಮಳೆ ಹಿಡಿಯಿತು. ನಾಗವೇಣಿ ಗೋಡೆಗೆ ಒರಗಿ ಅತ್ತಳು. ಬಾಗಿಲ ಹೊರಗೆ, ಔಷಧಿಯ ವಾಸನೆ ಮೈಗೆ ಹತ್ತಿರಬಹುದೆಂದು ಒಳಗೆ ಕಾಲಿಡದೆ ದೂರ ನಿಂತಿದ್ದ ಅಂಜಿನಪ್ಪ, "ತಿಂತಾವೇನಮ್ಮ? ತಿಂತಾವಾ?" ಎಂದು ಕೂಗಿ ಕೂಗಿ ಕೇಳುತ್ತಿದ್ದರು.

ಹುಳುಗಳು ಚಂದ್ರಿಕೆ ಎಂಬ ಬಿದಿರಿನ ತಟ್ಟಿ ಹತ್ತಿ ಗೂಡು ಕಟ್ಟುವವರೆಗೆ ಆ ಊರಿನಿಂದ ದಿನವೂ ಸೊಪ್ಪಿನ ಗಾಡಿ ಬಂತು. ನಾಗವೇಣಿ ಆ ಒಂದು ತಪ್ಪಿದ ಹೊತ್ತನ್ನೂ ಮುಚ್ಚಿಡದೆ ವರದಿಯಲ್ಲಿ ಬರೆದಳು. ಎಲ್ಲ ತಟ್ಟೆಗಳಿಗೂ ಒಂದೇ ರೀತಿ ತಪ್ಪಿದ್ದರಿಂದ ಪ್ರಯೋಗ ಊರ್ಜಿತವಾಯಿತು, ಅವಳ ಪಿಎಚ್‌ಡಿಯೂ ಆಯಿತು. ಇತ್ತ ರತ್ನಮ್ಮನವರ ಹುಳುಗಳು ದೊಡ್ಡವಾದಾಗ ಸೊಪ್ಪು ಸಾಲದೆ ನೆರೆಹೊರೆಯವರು ತಮ್ಮ ತೋಟಗಳಿಂದ ಕೊಟ್ಟು ಬೆಳೆ ಎತ್ತಿಸಿದರಂತೆ. ಇದು ನಮಗೆ ಎಷ್ಟೋ ತಿಂಗಳ ಮೇಲೆ ಅಂಜಿನಪ್ಪನವರ ಬಾಯಿಂದ ತಿಳಿಯಿತು. ಆಕೆ ಒಂದು ಮಾತೂ ಆಡಿರಲಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ಇನ್ನೊಂದು ತಮಾಷೆ. ಪ್ರಯೋಗಕ್ಕೆ ಬಳಸಿದ ಸೊಪ್ಪನ್ನು ಸಿಸ್ಟಮ್ಮಿಗೆ ಏರಿಸಬೇಕು. ಬೆಲೆಯ ಜಾಗದಲ್ಲಿ ಸೊನ್ನೆ ಹಾಕಿದರೆ ಅದು ಒಪ್ಪುವುದೇ ಇಲ್ಲ. ಸುಮ್ಮನೆ ಕೊಡುವವರೂ ಇರುತ್ತಾರೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಪ್ರೋಗ್ರಾಮರ್‌ಗಳನ್ನು ಕೂರಿಸಿಕೊಂಡು ಒಂದು ಹೊಸ ಪುಟ ಮಾಡಿಸಿದೆ. ನೆರವು ನೀಡಿದವರ ಹೆಸರು, ಊರು, ನೀಡಿದ್ದು ಏನು, ಇಷ್ಟೇ. ಜೊತೆಗೆ, ಜೀವ ಇರುವ ಪ್ರಯೋಗಗಳಿಗೆ ತುರ್ತು ಬಂದರೆ ಕೊಟೇಶನ್ ಇಲ್ಲದೆ ಕೊಳ್ಳಬಹುದು ಎಂಬ ದಾರಿಯನ್ನೂ ಹೋರಾಡಿ ಸೇರಿಸಿದೆ. ಈಗ ನಾನು ಆ ಕೆಲಸದಲ್ಲಿಲ್ಲ. ಯಾರಾದರೂ ಆಗೇನು ಮಾಡುತ್ತಿದ್ದಿರಿ ಎಂದರೆ ನೀರುಗಂಟಿ ಆಗಿದ್ದೆ ಎನ್ನುತ್ತೇನೆ. ಚಿಕ್ಕಪ್ಪನಿಗೂ ಹಾಗೆಂದು ಹೇಳಿದ ಮೇಲೆ ಅಂಗಡಿಯ ಮಾತು ನಿಂತಿತು.

ಆ ಹೊಸ ಪುಟವನ್ನು ಮೊದಲು ತುಂಬಿದವಳು ನಾನೇ. ರತ್ನಮ್ಮ, ಹಿಪ್ಪುನೇರಳೆ ಸೊಪ್ಪು ಎಂದು ಹಾಕಿದೆ. ಅದರ ಕೆಳಗೆ ಅಂಜಿನಪ್ಪ ಎಂದು ಹಾಕಿದೆ. ಲೆಕ್ಕಪತ್ರ ವಿಭಾಗದವರು ಹಿಂದೆ ನಿಂತು ನೋಡುತ್ತಿದ್ದರು. "ಔಷಧಿ ಹೊಡೆಸಿದವರು ಇವರೇ ಅಲ್ವಾ ಮೇಡಂ? ಇವರೇನ್ ಕೊಟ್ರು?" ಎಂದರು.

ನೀಡಿದ್ದು ಏನು ಎಂಬಲ್ಲಿ ನಾನು "ಬಂದು ಹೇಳಿದರು" ಎಂದು ಟೈಪ್ ಮಾಡಿದೆ.