ಮಾವನ ಮುಂದೆ ಬ್ಲೇಡು ಹಿಡಿದ ಗಾಳೆಪ್ಪ

ಎಪ್ಪತ್ತರ ದಶಕದಲ್ಲಿ ಇಳಕಲ್ಲಿನ ಒಂದು ದವಾಖಾನೆಯ ಆಪರೇಷನ್ ಕೋಣೆಯಲ್ಲಿ ಕೆಲಸಕ್ಕಿದ್ದ ಗಾಳೆಪ್ಪ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವನಲ್ಲ. ಈಗಿನವರಿಗೆ ಅದಕ್ಕೊಂದು ಕೋರ್ಸು, ಅದಕ್ಕೊಂದು ಸರ್ಟಿಫಿಕೇಟು. ನಮ್ಮ ಗಾಳೆಪ್ಪ ಬೇವೂರಿನಿಂದ ಬಂದು ಮೊದಲು ನೆಲ ಒರೆಸಿದ, ಆಮೇಲೆ ಸ್ಟ್ರೆಚರ್ ತಳ್ಳಿದ, ಕತ್ತರಿ ಚಿಮಟ ಕುದಿಸಿದ, ಕೊನೆಗೊಂದು ದಿನ ಡಾಕ್ಟರು ಕೈ ಚಾಚಿದಾಗ ಕೇಳಿದ್ದನ್ನು ಕೊಟ್ಟ. ಮುಂದೆ ಬಾಗಲಕೋಟೆಯ ದೊಡ್ಡ ದವಾಖಾನೆಗೆ ಹೋಗಿ ಹೊಸಬರಿಗೆ ಕಲಿಸುವ ಮಟ್ಟಕ್ಕೂ ಬಂದ. ಆದರೆ ಇಳಕಲ್ಲಿನಲ್ಲಿದ್ದಾಗಲೇ ಹಸಿರು ಟೊಪ್ಪಿಗೆ ಹಾಕಿಕೊಂಡು ಚಹಾದಂಗಡಿಗೆ ಹೋಗುವಷ್ಟು ಸೊಕ್ಕು ಬಂದಿತ್ತು. ಇರಲಿ ಬಿಡಿ, ಕಷ್ಟಪಟ್ಟು ಸಂಪಾದಿಸಿದ ಸೊಕ್ಕು.

ಅವನ ಸೋದರತ್ತೆ ಬೋರವ್ವ ಇದ್ದಳಲ್ಲ, ಅವಳ ಬಾಯಿಗೆ ಬಿದ್ದ ಮಾತು ಎರಡರಷ್ಟಾಗದೆ ಹೊರಬಂದದ್ದೇ ಇಲ್ಲ. ಹುನಗುಂದದ ಕಡೆ ದೊಡ್ಡ ಕುರಿಹಿಂಡು ಇಟ್ಟುಕೊಂಡಿದ್ದ ಮಲಕಪ್ಪನ ಮಗಳು ಮಾಯವ್ವನನ್ನು ಗಾಳೆಪ್ಪನಿಗೆ ಕೇಳಲು ಹೋದವಳು, "ಇಳಕಲ್ಲಾಗ ಹೊಟ್ಟಿ ಕೊಯ್ಯಾಂವ ನಮ್ಮ ಹುಡುಗನ. ಡಾಕ್ಟರು ಬರೇ ಬಾಜೂ ನಿಂತಿರ್ತಾರ" ಎಂದುಬಿಟ್ಟಳು. ಮಲಕಪ್ಪ ಅಲ್ಲೇ ಮಾತು ಕೊಟ್ಟ. ಸುದ್ದಿ ತಿಳಿದಾಗ ಗಾಳೆಪ್ಪ ನಿಜ ಹೇಳಿಬಿಡಬೇಕೆಂದುಕೊಂಡ. ಆದರೆ ಅಷ್ಟರಲ್ಲಿ ಅವನು ಮಾಯವ್ವನನ್ನು ನೋಡಿ ಬಂದಿದ್ದ, ಊಟದ ತಾಟಿನ ಮುಂದೆ ಕೂತು ಒಬ್ಬನೇ ನಗತೊಡಗಿದ್ದ. ಸುಮ್ಮನಿದ್ದುಬಿಟ್ಟ. ಹೇಡಿತನ ಅನ್ನಿ, ಪ್ರೀತಿ ಅನ್ನಿ, ಎರಡೂ ಇತ್ತು.

ಮದುವೆಗೆ ಕೆಲವೇ ವಾರ ಉಳಿದಿದ್ದಾಗ ಮಲಕಪ್ಪನೇ ದವಾಖಾನೆಗೆ ಬಂದಿಳಿದ. ತೊಡೆಸಂದಿಯಲ್ಲಿ ಹರ್ನಿಯಾ. ಆಪರೇಷನ್ ಆಗಲೇಬೇಕೆಂದರು ಡಾಕ್ಟರು.

"ಆಗ್ಲಿ. ಆದ್ರ ಕೊಯ್ಯೂದು ನಮ್ಮ ಅಳಿಯಾನ" ಎಂದು ಮಲಕಪ್ಪ ಪಟ್ಟು ಹಿಡಿದ.

ಡಾಕ್ಟರು ಗಾಳೆಪ್ಪನ ಕಡೆ ನೋಡಿದರು. ಗಾಳೆಪ್ಪ ಫ್ಯಾನಿನ ಕಡೆ ನೋಡಿದ. "ಅಳಿಯಂದಿರ ಜೋಡಿ ಮಾತಾಡ್ರಿ" ಎಂದು ಡಾಕ್ಟರು ನಗು ತಡೆದುಕೊಳ್ಳುತ್ತ ಹೊರಗೆ ಹೋದರು. ಇಂಥ ಹೊತ್ತಿನಲ್ಲಿ ದೊಡ್ಡವರೆಲ್ಲ ಹೀಗೇ ಜಾಗ ಖಾಲಿ ಮಾಡುತ್ತಾರೆ.

ಗಾಳೆಪ್ಪ ಬಾಯಿಬಿಟ್ಟ. "ಮಾವಾರ, ನಾ ಕೊಯ್ಯಾಂವಲ್ರಿ. ಅತ್ತಿ ಸುಳ್ಳ ಹೇಳ್ಯಾಳ. ಕೊಯ್ಯಾವ್ರು ಡಾಕ್ಟರ. ನಾ ಅವ್ರ ಕೈಯಾಗ ಸಾಮಾನ ಕೊಡಾಂವ."

ಮಲಕಪ್ಪನ ಮುಖ ಕಪ್ಪಿಟ್ಟಿತು. "ಹಂಗಾರ ನೀ ನನಗ ಏನ್ ಮಾಡಾಂವ?"

"ಮೊದಲ ಬೋಳಸ್ತೇನ್ರಿ."

"ಗಡ್ಡಾನ?"

"ಅಲ್ರಿ. ಹೊಕ್ಕಳದ ಕೆಳಗ. ಪೂರಾ."

ಮಲಕಪ್ಪ ಎರಡೂ ಕೈಯಿಂದ ಧೋತರ ಹಿಡಿದುಕೊಂಡ. ಬೀಗರ ಮುಂದೆ ರುಮಾಲನ್ನೂ ತೆಗೆಯದ ಮನುಷ್ಯ, ಅಳಿಯನಾಗುವವನ ಮುಂದೆ ಧೋತರ ಬಿಚ್ಚುವುದೆ? "ಮದುವಿ ಇಲ್ಲ, ಹೋಗು. ಸುಳ್ಳ ಹೇಳೋರ ಮನಿಗೆ ಮಗಳನ್ನ ಕೊಡಾಂಗಿಲ್ಲ. ಬ್ಯಾರೆ ಯಾರನ್ನರ ಕಳಸು."

"ಬ್ಯಾರೆ ಅಂದ್ರ ಸಿಸ್ಟರ್ ಗುಲಾಬಬಿಯವ್ರು ಒಬ್ರ ಅದಾರ್ರಿ. ಕರೀಲೇನ್ರಿ?"

ಧೋತರದ ಮೇಲಿನ ಹಿಡಿತ ಇನ್ನಷ್ಟು ಬಿಗಿಯಾಯಿತು. ಅಷ್ಟರಲ್ಲಿ ನೋವು ಒಮ್ಮೆ ಹಿಂಡಿತು. ಮುದುಕ ಗೋಡೆಯ ಕಡೆ ಮುಖ ತಿರುಗಿಸಿ, "ಲಗೂ ಮುಗಸು" ಎಂದ.

ಗಾಳೆಪ್ಪ ಸೋಪು ಹಚ್ಚಿದ. ಬ್ಲೇಡು ಹಿಡಿದು ಕೆಲಸಕ್ಕಿಳಿದ. ಮದುವೆ ಹೋಯಿತು, ಮಾಯವ್ವ ಹೋದಳು. ಇನ್ನು ಒಂದು ಗೀರು ಬಿದ್ದರೆ ಇದ್ದಬದ್ದ ಮರ್ಯಾದೆಯೂ ಹೋದೀತು. ಪುಣ್ಯಕ್ಕೆ ಗೀರು ಬೀಳಲಿಲ್ಲ. ಆಪರೇಷನ್ ಡಾಕ್ಟರೇ ಮಾಡಿದರು, ಚೆನ್ನಾಗಿಯೇ ಆಯಿತು.

ಮನೆಗೆ ಕಳಿಸುವ ದಿನ ಬೋರವ್ವ ಬಾಳೆಹಣ್ಣು ಹಿಡಿದು, ಮುಖ ಸಣ್ಣದು ಮಾಡಿಕೊಂಡು ಬಂದಳು. ಮಲಕಪ್ಪ ಅವಳಿಗೆ ಮನಸಾರೆ ಬೈದ, ಹಣ್ಣು ಮಾತ್ರ ಇಸಿದುಕೊಂಡ. ಗಾಳೆಪ್ಪ ಚೀಲ ಎತ್ತಿಕೊಂಡು ಬಸ್ಸಿನ ತನಕ ಹೋಗಿ, ಇದೇ ಕೊನೆಯೆಂದುಕೊಂಡು ಕೈ ಮುಗಿದ.

"ಸೋಮವಾರ ಹುನಗುಂದಕ ಬಾ. ಮದುವಿ ಸೀರಿ-ಅರಿವಿ ತರೂದೈತಿ" ಎಂದ ಮಲಕಪ್ಪ.

ಗಾಳೆಪ್ಪನಿಗೆ ತಲೆಬುಡ ತಿಳಿಯಲಿಲ್ಲ. "ಮದುವಿ ಇಲ್ಲ ಅಂದಿದ್ರಲ್ರಿ?"

ಮಲಕಪ್ಪ ಸುತ್ತ ಕಣ್ಣಾಡಿಸಿ ಅವನ ಕಿವಿಯ ಹತ್ತಿರ ಬಗ್ಗಿದ. "ಅಷ್ಟೆಲ್ಲಾ ನೋಡಿದಾಂವನ್ನ ಹೊರಗಿನಾಂವ ಅಂತ ಬಿಟ್ಟು ನಾ ಹೆಂಗ ನಿದ್ದಿ ಮಾಡ್ಲಿ? ಮನ್ಯಾಂವ ಆಗು. ಮನಿ ಮಾತು ಹೊರಗ ಆಡಬಾರದು, ತಿಳೀತಿಲ್ಲೋ?"